ಆಫೀಸಿಗೆಲ್ಲ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್: ಬಿಡಿಸೋದು ಹೆಂಗೆ?

ಕಬ್ಬಿನಗದ್ದೆ (ಮಂಡ್ಯ)
ಎಲ್ರಿಗೂ ನಮಸ್ಕಾರ. ಮಂಡ್ಯದ ಒಂದು ಸಣ್ಣ ಆಫೀಸು. ಉಬುಂಟು 22.04 ಇರೋ ಒಂದು ಸರ್ವರ್, ಹದಿನಾಲ್ಕು ವಿಂಡೋಸ್ ಡೆಸ್ಕ್‌ಟಾಪ್. ಸರ್ವರ್‌ಗೆ ಎಲ್ರೂ ಹೋಗೋದು ‘ಆಫೀಸ್’ ಅನ್ನೋ ಒಂದೇ ಲಾಗಿನ್‌ನಲ್ಲಿ, ಅದಕ್ಕೆ ಸುಡೋನೂ (ರೂಟ್, ಅಂದ್ರೆ ಮುಖ್ಯ ಅಡ್ಮಿನ್ ಆಗೋ ಹಕ್ಕು) ಐತೆ. ಪಾಸ್‌ವರ್ಡ್ ಅಂದ್ರೆ ಊರ ಹೆಸರು, ಮುಂದೆ 123. ಮಾನಿಟರ್ ಕೆಳಗೆ ಚೀಟಿ ಬೇರೆ ಅಂಟ್ಸವ್ರೆ. ಆಡಿಟ್‌ನವರು ಬಂದು, ಒಬ್ಬೊಬ್ರಿಗೂ ಬೇರೆ ಲಾಗಿನ್ ಬೇಕು, ತಿಂಗಳಿಗೊಂದ್ಸಲ ಪಾಸ್‌ವರ್ಡ್ ಬದಲಾಗ್ಬೇಕು, ಮೂರು ಸಲ ತಪ್ಪು ಹೊಡುದ್ರೆ ಲಾಕ್ ಆಗ್ಬೇಕು ಅಂತ ಬರ್ದು ಹೋದ್ರು. ರೂಟರ್‌ನಲ್ಲಿ 22ನೇ ಪೋರ್ಟ್ (ಎಸ್‌ಎಸ್‌ಎಚ್, ಅಂದ್ರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ದಾರಿ) ಹೊರಗಡೆಗೂ ತೆಗ್ದದೆ, ಮೈಸೂರಿಂದ ಸಾಫ್ಟ್‌ವೇರ್‌ನವರು ಬರೋದು ಅದ್ರಲ್ಲೇ. ಎಲ್ಲಿಂದ ಶುರು ಮಾಡೋದು? ನನ್ನನ್ನ ನಾನೇ ಹೊರಗಾಕ್ಕೊಳ್ಳದಂಗೆ ಮಾಡೋದು ಹೆಂಗೆ, ಒಸಿ ಹೇಳಿ.

ಹೂಟಗಳ್ಳಿ_ರೂಟ್
ಮೊದಲು ರೂಟರ್‌ನಲ್ಲಿ ಆ 22 ಮುಚ್ಚಿ. ಉಳಿದಿದ್ದೆಲ್ಲ ಆಮೇಲೆ. ಹೊರಗೆ ತೆರೆದಿಟ್ಟ 22ಕ್ಕೆ ಬಾಟ್‌ಗಳು ರೂಟ್, ಅಡ್ಮಿನ್, ಟೆಸ್ಟ್, ಆಫೀಸ್ ಅಂತ ಹೆಸರು ಹಾಕಿ ಹಗಲೂ ರಾತ್ರಿ ತಟ್ಟುತ್ತಲೇ ಇರ್ತವೆ. ನಂಬಿಕೆ ಇಲ್ಲದಿದ್ರೆ ‘ಸುಡೋ ಲಾಸ್ಟ್‌ಬಿ’ ಹೊಡೆದು ನೋಡಿ. ಸೋತ ಲಾಗಿನ್‌ಗಳ ಪಟ್ಟಿ ಪರದೆ ತುಂಬಾ ಓಡುತ್ತೆ.

ಸಾಫ್ಟ್‌ವೇರ್‌ನವರಿಗೆ ವೈರ್‌ಗಾರ್ಡ್ ಅನ್ನೋ ವಿಪಿಎನ್ (ಹೊರಗಿಂದ ಆಫೀಸಿಗೆ ಬರೋ ಗುಟ್ಟಿನ ಸುರಂಗ) ಕೊಡಿ. 2020ರಲ್ಲಿ ಬಂದ ಕರ್ನಲ್ 5.6ರಿಂದ ಅದು ಲಿನಕ್ಸ್ ಒಳಗೇ ಇದೆ, 22.04ಕ್ಕೆ ಅದರ ಟೂಲ್ಸ್ ಪ್ಯಾಕೇಜ್ ಒಂದು ಹಾಕಿದ್ರೆ ಸಾಕು. ಯುಡಿಪಿ 51820 ಮಾತ್ರ ತೆಗೀಬೇಕು. ಸರಿಯಾದ ಕೀ ಇಲ್ಲದೆ ಬಂದವನಿಗೆ ಅದು ಉತ್ತರವನ್ನೇ ಕೊಡಲ್ಲ, ಅಲ್ಲೊಂದು ಬಾಗಿಲಿದೆ ಅಂತಾನೂ ಗೊತ್ತಾಗಲ್ಲ.

ಮದ್ದೂರ್‌ವಡೆ
ಪೋರ್ಟ್ ನಂಬರ್ 2222 ಮಾಡ್ಬುಟ್ರೆ ಸಾಲ್ದಾ?

ಹೂಟಗಳ್ಳಿ_ರೂಟ್
ಲಾಗ್‌ನಲ್ಲಿ ಗದ್ದಲ ಕಮ್ಮಿ ಆಗುತ್ತೆ, ಅಷ್ಟೇ. ಬಾಗಿಲು ಹಿತ್ತಲಿಗೆ ಇಡ್ಸಿದ್ರೂ ಬೀಗ ಅದೇ ತಾನೆ?

ಟರ್ಮಿನಲ್_ತಾತ
ಹೊರಗಾಕ್ಕೊಳ್ಳೋ ಪ್ರಶ್ನೆಗೆ ಉತ್ತರ. ಲಾಗಿನ್‌ಗೆ ಸಂಬಂಧಪಟ್ಟ ಯಾವ ಫೈಲ್ ಮುಟ್ಟೋ ಮುಂಚೆಯೂ ಎರಡು ಟರ್ಮಿನಲ್ ತೆಗೀರಿ. ಒಂದರಲ್ಲಿ ‘ಸುಡೋ -ಐ’ ಹೊಡೆದು ರೂಟ್ ಆಗಿ ಸುಮ್ನೆ ಬಿಡಿ, ಕೆಲಸ ಮುಗಿಯೋ ತನಕ ಅದನ್ನ ಮುಚ್ಚಬಾರದು. ತಿದ್ದೋದು ಎರಡನೇದರಲ್ಲಿ. ಪರೀಕ್ಷೆ ಮಾಡೋದು ಮೂರನೇ ಹೊಸ ಕಿಟಕಿಯಲ್ಲಿ, ಹೊಸದಾಗಿ ಲಾಗಿನ್ ಆಗಿ. ಈಗಾಗಲೇ ಒಳಗಿರೋ ಸೆಷನ್‌ಗೆ ಹೊಸ ನಿಯಮ ತಾಗಲ್ಲ, ಹಾಗಾಗಿ ಕೆಲಸ ಕೆಟ್ಟರೂ ಮೊದಲನೇ ಕಿಟಕಿಯಿಂದ ವಾಪಸ್ ತರಬಹುದು.

ಸರ್ವರ್ ದೂರದಲ್ಲಿದ್ರೆ ಇನ್ನೊಂದು ಉಪಾಯ. ಹಳೇ ಫೈಲಿನ ನಕಲು ಇಟ್ಟು, ಹತ್ತು ನಿಮಿಷ ಬಿಟ್ಟು ಅದನ್ನೇ ವಾಪಸ್ ಕೂರಿಸಿ ಎಸ್‌ಎಸ್‌ಎಚ್ ರೀಲೋಡ್ ಮಾಡೋ ಒಂದು ಟೈಮರ್ ‘ಸಿಸ್ಟಮ್‌ಡಿ-ರನ್’ನಲ್ಲಿ ಹಾಕಿಡಿ. ಹೊಸ ಲಾಗಿನ್ ಸರಿಯಾಗಿ ಆಯ್ತು ಅಂದ್ರೆ ಟೈಮರ್ ನಿಲ್ಲಿಸಿ. ಆಗ್ಲಿಲ್ಲ ಅಂದ್ರೆ ಹತ್ತು ನಿಮಿಷ ಕಾಫಿ ಕುಡೀರಿ, ಅದೇ ವಾಪಸ್ ಬರುತ್ತೆ.

ಹೂಟಗಳ್ಳಿ_ರೂಟ್
ತಾತ ಹೇಳಿದ್ದರ ಮೇಲೆ ಎಸ್‌ಎಸ್‌ಎಚ್ ಭಾಗ ನಾನು ಹೇಳ್ತೀನಿ. ಸರ್ವರ್‌ಗೆ ಕಮಾಂಡ್ ಹೊಡೆಯೋಕೆ ಬರಬೇಕಾದವರು ನೀವು, ಹೆಚ್ಚಂದ್ರೆ ಸಾಫ್ಟ್‌ವೇರ್‌ನವರು. ಉಳಿದವರಿಗೆ ಬೇಕಿರೋದು ಫೈಲು ಮಾತ್ರ. ಆದ್ದರಿಂದ ‘ಎಸ್‌ಎಸ್‌ಎಚ್‌ಜನ’ ಥರ ಒಂದು ಗ್ರೂಪ್ ಮಾಡಿ, ಆ ಇಬ್ಬರು ಮೂವರನ್ನ ಸೇರಿಸಿ, ‘ಅಲೋ‌ಗ್ರೂಪ್ಸ್’ನಲ್ಲಿ ಆ ಗ್ರೂಪ್ ಹೆಸರು ಬರೀರಿ. ‘ಪರ್ಮಿಟ್‌ರೂಟ್‌ಲಾಗಿನ್’ಗೆ ನೋ. ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸೋ ಕೀ ಫೈಲ್) ಕೆಲಸ ಮಾಡ್ತಿದೆ ಅಂತ ಖಾತ್ರಿ ಆದ ಮೇಲೆ ‘ಪಾಸ್‌ವರ್ಡ್‌ಅಥೆಂಟಿಕೇಶನ್’ಗೆ ನೋ, ‘ಕೆಬಿಡಿ‌ಇಂಟರಾಕ್ಟಿವ್‌ಅಥೆಂಟಿಕೇಶನ್’ಗೂ ನೋ. ಎರಡನೇದನ್ನ ಮರೆತರೆ ಪಾಸ್‌ವರ್ಡ್ ಹಿಂಬಾಗಿಲಿಂದ ಪ್ಯಾಮ್ (ಲಿನಕ್ಸ್‌ನಲ್ಲಿ ಲಾಗಿನ್ ಪರೀಕ್ಷೆ ಮಾಡೋ ವ್ಯವಸ್ಥೆ) ಮೂಲಕ ಕೇಳುತ್ತೆ. ‘ಮ್ಯಾಕ್ಸ್‌ಆಥ್‌ಟ್ರೈಸ್’ ಡಿಫಾಲ್ಟ್ 6 ಇದೆ, 3 ಮಾಡಬಹುದು, ಆದರೆ ಏಜೆಂಟ್‌ನಲ್ಲಿ (ಕೀಗಳನ್ನ ಹಿಡಿದಿಡೋ ಪ್ರೋಗ್ರಾಮ್) ನಾಲ್ಕೈದು ಕೀ ತುಂಬಿಕೊಂಡವರು ಸರಿಯಾದ ಕೀ ಸರದಿ ಬರೋ ಮುಂಚೆಯೇ ಹೊರಬೀಳ್ತಾರೆ.

ಈಗ ಎಲ್ಲರೂ ಎಡವೋ ಜಾಗ. ಉಬುಂಟುವಿನ ಮುಖ್ಯ ಕಾನ್ಫಿಗ್ ಫೈಲಿನ ತಲೆಯಲ್ಲೇ ಒಂದು ಇನ್‌ಕ್ಲೂಡ್ ಸಾಲು ಇದೆ. ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರ್‌ನಲ್ಲಿ ‘.ಕಾನ್ಫ್’ ಅಂತ ಮುಗಿಯೋ ಫೈಲುಗಳನ್ನೆಲ್ಲ ಅದು ಮೊದಲು ಓದಿಸುತ್ತೆ. ಎಸ್‌ಎಸ್‌ಎಚ್‌ಡಿಗೆ (ಸರ್ವರ್‌ನಲ್ಲಿ ಓಡೋ ಎಸ್‌ಎಸ್‌ಎಚ್ ಪ್ರೋಗ್ರಾಮ್) ಮೊದಲು ಸಿಕ್ಕಿದ್ದೇ ಅಂತಿಮ, ಆಮೇಲೆ ಬಂದಿದ್ದಕ್ಕೆ ಬೆಲೆ ಇಲ್ಲ. ಸರ್ವರ್ ಎಡಿಷನ್‌ನಲ್ಲಿ ಆ ಫೋಲ್ಡರ್ ಒಳಗೆ ‘50-ಕ್ಲೌಡ್-ಇನಿಟ್’ ಅನ್ನೋ ಫೈಲ್ ಇದ್ದು ಅದರಲ್ಲಿ ಪಾಸ್‌ವರ್ಡ್ ಯೆಸ್ ಅಂತ ಇರಬಹುದು. ಮುಖ್ಯ ಫೈಲಿನಲ್ಲಿ ನೀವು ನೋ ಅಂತ ಬರೆದು ಬೀಗಿದ್ದೇ ಬಂತು. ನಿಮ್ಮ ನಿಯಮಗಳನ್ನ ಅದೇ ಫೋಲ್ಡರ್‌ನಲ್ಲಿ ‘00-ನಮ್ಮದು.ಕಾನ್ಫ್’ ಥರ ಮುಂದೆ ಬರೋ ಹೆಸರಲ್ಲಿ ಇಡಿ.

‘ಎಸ್‌ಎಸ್‌ಎಚ್‌ಡಿ’ ಮುಂದೆ ಸಣ್ಣ ಟಿ ಹಾಕಿದ್ರೆ ವ್ಯಾಕರಣ ಸರಿಯಿದೆಯಾ ಹೇಳುತ್ತೆ. ದೊಡ್ಡ ಟಿ ಹಾಕಿದ್ರೆ ನಿಜವಾಗಿ ಯಾವ ಬೆಲೆ ಜಾರಿಯಲ್ಲಿದೆ ಅಂತ ಇಡೀ ಪಟ್ಟಿ ಕೊಡುತ್ತೆ. ಫೈಲು ನೋಡಿ ನಂಬಬೇಡಿ, ದೊಡ್ಡ ಟಿ ನೋಡಿ ನಂಬಿ.

ಕಬ್ಬಿನಗದ್ದೆ (ಮಂಡ್ಯ)
ಸಾರ್ ನೋಡ್ದೆ. ಮುಖ್ಯ ಫೈಲಲ್ಲಿ ನೋ ಅಂತ ಹಾಕಿ, ದೊಡ್ಡ ಟಿ ಹೊಡುದ್ರೆ ಯೆಸ್ ಅಂತ ಬತ್ತದೆ! 50-ಕ್ಲೌಡ್-ಇನಿಟ್ ಕೂತದೆ ಅಲ್ಲಿ. 00 ಫೈಲ್ ಮಾಡಿ ಸರಿ ಮಾಡ್ದೆ. ಆದ್ರೆ ಪುಟ್ಟಿಯಿಂದ (ವಿಂಡೋಸ್‌ನಲ್ಲಿ ಎಸ್‌ಎಸ್‌ಎಚ್ ಮಾಡೋ ಪ್ರೋಗ್ರಾಮ್) ಕೀ ಒಪ್ತಾ ಇಲ್ಲ, ‘ಸರ್ವರ್ ರೆಫ್ಯೂಸ್ಡ್ ಅವರ್ ಕೀ’ ಅಂತದೆ. ರೂಟ್ ಕಿಟಕಿ ತೆಗ್ದೇ ಇಟ್ಟಿವ್ನಿ, ತಾತ ಬೈಬೇಡಿ.

ವಿಸಿ_ನಾಲೆ
ಪುಟ್ಟಿಜೆನ್‌ನಲ್ಲಿ ‘ಸೇವ್ ಪಬ್ಲಿಕ್ ಕೀ’ ಬಟನ್ ಒತ್ತಿ ಬಂದ ಫೈಲ್ ಹಾಕಿದ್ದೀರಾ? ಅದು ಬೇರೆ ನಮೂನೆ, ಬಿಗಿನ್ ಅಂತ ಶುರುವಾಗಿ ನಾಲ್ಕೈದು ಸಾಲು ಇರುತ್ತೆ. ಓಪನ್‌ಎಸ್‌ಎಸ್‌ಎಚ್ ಅದನ್ನ ಮೂಸೂ ನೋಡಲ್ಲ. ಕಿಟಕಿಯ ಮೇಲ್ಭಾಗದ ಡಬ್ಬಿಯಲ್ಲಿ ಒಂದೇ ಉದ್ದ ಸಾಲು ಇರುತ್ತಲ್ಲ, ‘ಎಸ್‌ಎಸ್‌ಎಚ್-ಇಡಿ25519’ ಅಂತ ಶುರುವಾಗೋದು, ಅದನ್ನ ಪೂರ್ತಿ ಕಾಪಿ ಮಾಡಿ ‘ಆಥರೈಸ್ಡ್_ಕೀಸ್’ ಫೈಲಿಗೆ ಒಂದೇ ಸಾಲಾಗಿ ಅಂಟಿಸಿ. ಮಧ್ಯೆ ಎಂಟರ್ ಬೀಳಬಾರದು.

ಹೂಟಗಳ್ಳಿ_ರೂಟ್
ಅದೂ ಸರಿ ಇದ್ರೆ ಪರ್ಮಿಷನ್ ನೋಡಿ. ಡಾಟ್-ಎಸ್‌ಎಸ್‌ಎಚ್ ಫೋಲ್ಡರ್ 700, ಕೀ ಫೈಲ್ 600 (ಅಂದ್ರೆ ಮಾಲೀಕನಿಗೆ ಮಾತ್ರ ಹಕ್ಕು), ಎರಡರ ಮಾಲೀಕ ಅದೇ ಯೂಸರ್. ರೂಟ್ ಕಿಟಕಿಯಿಂದ ಫೋಲ್ಡರ್ ಮಾಡಿದ್ರೆ ಮಾಲೀಕ ರೂಟ್ ಆಗಿರ್ತಾನೆ, ಇದೇ ಬಹಳ ಜನರ ತಪ್ಪು. ಹೋಮ್ ಫೋಲ್ಡರ್‌ಗೆ ಗ್ರೂಪಿನವರು ಬರೆಯೋ ಹಕ್ಕು ಇದ್ದರೂ ಎಸ್‌ಎಸ್‌ಎಚ್ ಬೇಡ ಅನ್ನುತ್ತೆ. ಕಾರಣ ಆಥ್ ಲಾಗ್‌ನಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಅಂತ ಬಿದ್ದಿರುತ್ತೆ.

ಕಬ್ಬಿನಗದ್ದೆ (ಮಂಡ್ಯ)
ಎರಡೂ ತಪ್ಪು ನಂದೇ ಇತ್ತು. ಸಾಲು ಅಂಟಿಸ್ದೆ, ಮಾಲೀಕನ್ನ ಬದಲಾಯಿಸ್ದೆ, ಒಳಗೆ ಬಂತು. ಈಗ ಆ ಮೂರು ಸಲಕ್ಕೆ ಲಾಕ್ ಅನ್ನೋದು. ಪ್ಯಾಮ್‌ನ ಕಾಮನ್-ಆಥ್ ಫೈಲ್ ತಿದ್ದಿ ಅಂತ ಒಂದು ಕಡೆ ಓದ್ದೆ.

ಟರ್ಮಿನಲ್_ತಾತ
ನಿಲ್ಲಿ ನಿಲ್ಲಿ. ಅಲ್ಲಿ ಇಲ್ಲಿ ಓದಿದ ಸಾಲು ತಂದು ಕಾಮನ್-ಆಥ್‌ಗೆ ಅಂಟಿಸಬೇಡಿ. ಹಳೇ ಬರಹಗಳಲ್ಲಿ ‘ಪ್ಯಾಮ್_ಟ್ಯಾಲಿ2’ ಅಂತ ಇರುತ್ತೆ, ಅದನ್ನ ತೆಗೆದುಹಾಕಿ ವರ್ಷಗಳಾದವು. 22.04ರಲ್ಲಿ ಆ ಮಾಡ್ಯೂಲೇ ಇಲ್ಲ. ಇಲ್ಲದ ಮಾಡ್ಯೂಲನ್ನ ‘ರಿಕ್ವೈರ್ಡ್’ ಅಂತ ಕರೆದರೆ ಪಾಸ್‌ವರ್ಡ್ ಹೊಡೆದು ಯಾರಿಗೂ ಲಾಗಿನ್ ಆಗಲ್ಲ, ಸುಡೋನೂ ಆಗಲ್ಲ. ಈಗ ತಪ್ಪು ಎಣಿಸಿ ಲಾಕ್ ಮಾಡೋ ಮಾಡ್ಯೂಲ್ ಫೇಲ್‌ಲಾಕ್.

ಆ ಫೈಲಿನಲ್ಲಿ ಈಗೇನಿದೆ ಅಂತ ಮೊದಲು ಅರ್ಥ ಮಾಡ್ಕೊಳ್ಳಿ. ‘ಪ್ಯಾಮ್_ಯುನಿಕ್ಸ್’ ಸಾಲಿನಲ್ಲಿ ‘ಸಕ್ಸೆಸ್=1’ ಅಂತ ಇದೆ. ಪಾಸ್‌ವರ್ಡ್ ಸರಿಯಿದ್ರೆ ಮುಂದಿನ ಒಂದು ಸಾಲು ಹಾರಿಸು ಅಂತ ಅರ್ಥ. ಆ ಮುಂದಿನ ಸಾಲು ‘ಪ್ಯಾಮ್_ಡಿನೈ’, ಅದರಾಚೆ ‘ಪ್ಯಾಮ್_ಪರ್ಮಿಟ್’. ಕುಂಟೆಬಿಲ್ಲೆ ಇದ್ದಂಗೆ, ಮನೆ ಎಣಿಸಿ ಹಾರಬೇಕು. ಯುನಿಕ್ಸ್‌ಗೂ ಡಿನೈಗೂ ನಡುವೆ ನೀವು ಫೇಲ್‌ಲಾಕ್‌ನ ‘ಆಥ್‌ಫೇಲ್’ ಸಾಲು ತುರುಕಿ 1ನ್ನ ಹಾಗೇ ಬಿಟ್ರೆ, ಸರಿ ಪಾಸ್‌ವರ್ಡ್ ಹೊಡೆದವನು ಆಥ್‌ಫೇಲ್ ಹಾರಿ ನೇರ ಡಿನೈ ಮೇಲೆ ಬೀಳ್ತಾನೆ. ಪಾಸ್‌ವರ್ಡ್ ಸರಿ, ಆದ್ರೂ ಬಾಗಿಲು ಬಂದ್. 1ನ್ನ 2 ಮಾಡಬೇಕು.

ಅಂದ್ರೆ ಕ್ರಮ ಹೀಗೆ: ಯುನಿಕ್ಸ್‌ಗಿಂತ ಮೇಲೆ ರಿಕ್ವೈರ್ಡ್ ಫೇಲ್‌ಲಾಕ್ ‘ಪ್ರೀಆಥ್’, ಆಮೇಲೆ ಯುನಿಕ್ಸ್ ಸಕ್ಸೆಸ್=2, ಆಮೇಲೆ ‘ಡಿಫಾಲ್ಟ್=ಡೈ’ ಜೊತೆ ಫೇಲ್‌ಲಾಕ್ ಆಥ್‌ಫೇಲ್, ಆಮೇಲೆ ಮೊದಲಿದ್ದ ಡಿನೈ, ಪರ್ಮಿಟ್. ಜೊತೆಗೆ ಕಾಮನ್-ಅಕೌಂಟ್‌ನಲ್ಲಿ ಫೇಲ್‌ಲಾಕ್‌ಗೆ ಒಂದು ರಿಕ್ವೈರ್ಡ್ ಸಾಲು, ಇಲ್ಲದಿದ್ರೆ ಸರಿ ಲಾಗಿನ್ ಆದ ಮೇಲೂ ಹಳೇ ತಪ್ಪಿನ ಲೆಕ್ಕ ಅಳಿಯಲ್ಲ.

ಇನ್ನೊಂದು ಕಡೆ ಬಿದ್ದರೆ ಇನ್ನೂ ಕೆಟ್ಟದ್ದು. ‘ಈ ಡಿನೈ ಯಾಕೋ ತೊಂದರೆ ಕೊಡ್ತಿದೆ’ ಅಂತ ಆ ಸಾಲು ಅಳಿಸೋರಿದ್ದಾರೆ. ಮೂಲ ಫೈಲಿನಲ್ಲಿ ಅದೊಂದು ಅಳಿಸಿದ್ರೆ ತಪ್ಪು ಪಾಸ್‌ವರ್ಡ್ ಕೂಡ ಕೆಳಗಿಳಿದು ಪರ್ಮಿಟ್ ತಲುಪುತ್ತೆ. ಏನು ಹೊಡೆದ್ರೂ ಒಳಗೆ! ಆದ್ದರಿಂದ ತಿದ್ದಿದ ಮೇಲೆ ಸರಿ ಪಾಸ್‌ವರ್ಡ್ ಮಾತ್ರ ಅಲ್ಲ, ಬೇಕಂತಲೇ ತಪ್ಪು ಪಾಸ್‌ವರ್ಡ್ ಹೊಡೆದೂ ನೋಡಬೇಕು. ಇದನ್ನ ಮಾಡೋರು ಕಮ್ಮಿ.

ಮದ್ದೂರ್‌ವಡೆ
ಕುಂಟೆಬಿಲ್ಲೆ ಲೆಕ್ಕ ಈಗ ತಲೆಗೆ ಹೋಯ್ತು ತಾತ 🙏

ನಂಜನಗೂಡು_ರಸಬಾಳೆ
ಮೂರು ಸಲ ಅನ್ನೋದಕ್ಕೆ ನನ್ನ ತಕರಾರಿದೆ. ಫೇಲ್‌ಲಾಕ್ ಡಿಫಾಲ್ಟೂ ಅದೇ: 3 ತಪ್ಪು, 15 ನಿಮಿಷದೊಳಗೆ, 10 ನಿಮಿಷ ಲಾಕ್. ಕ್ಯಾಪ್ಸ್‌ಲಾಕ್ ಒತ್ತಿಕೊಂಡಿದ್ರೆ ಮೂರು ಅನ್ನೋದು ಅರ್ಧ ನಿಮಿಷದ ಮಾತು. ಪಕ್ಕದ ಟೇಬಲ್‌ನವರ ಮೇಲೆ ಕೋಪ ಇದ್ರೆ ಅವರ ಹೆಸರಲ್ಲಿ ಮೂರು ಸಲ ತಪ್ಪು ಹೊಡೆದರೂ ಆಯ್ತು, ಸಂಬಳದ ದಿನ ಅವರ ಕೆಲಸ ನಿಂತಂಗೆ. 5 ಇಂದ 10ರ ಒಳಗೆ ಇಡಿ, ಅನ್‌ಲಾಕ್ ಟೈಮ್ 600 ಸೆಕೆಂಡ್ ಹಾಗೇ ಇರಲಿ. ಅದನ್ನ 0 ಮಾಡಬೇಡಿ. ಸೊನ್ನೆ ಅಂದ್ರೆ ತಕ್ಷಣ ಬಿಡುತ್ತೆ ಅಂತಲ್ಲ, ಅಡ್ಮಿನ್ ಬಂದು ‘ಫೇಲ್‌ಲಾಕ್ --ಯೂಸರ್ … --ರೀಸೆಟ್’ ಹೊಡೆಯೋ ತನಕ ಬಿಡಲ್ಲ ಅಂತ.

ತಿಂಗಳಿಗೊಮ್ಮೆ ಬದಲಾವಣೆ ಅನ್ನೋದಂತೂ ಹಳೇ ಕಾಲದ್ದು. ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ ತನ್ನ 800-63ಬಿ ಮಾರ್ಗಸೂಚಿಯಲ್ಲಿ ಅವಧಿ ಕಟ್ಟಿ ಪಾಸ್‌ವರ್ಡ್ ಬದಲಿಸೋದು ಬೇಡ, ಸೋರಿಕೆಯಾದ ಸುಳಿವು ಸಿಕ್ಕಾಗ ಬದಲಿಸಿ ಅಂದಿದೆ. ಮೈಕ್ರೋಸಾಫ್ಟ್ 2019ರಲ್ಲಿ ವಿಂಡೋಸ್ ಬೇಸ್‌ಲೈನ್‌ನಿಂದ (ಭದ್ರತೆಗೆ ಅವರು ಶಿಫಾರಸು ಮಾಡೋ ಪಟ್ಟಿ) ಆ ನಿಯಮ ತೆಗೆದುಹಾಕ್ತು. ತಿಂಗಳಿಗೊಮ್ಮೆ ಅಂದ್ರೆ ಜನ ಮಾಡೋದೇನು? ಕೊನೇಲಿ ಜನವರಿಗೆ 01, ಫೆಬ್ರವರಿಗೆ 02.

ವಿಸಿ_ನಾಲೆ
ನಿಸ್ಟ್ ಹೇಳ್ತು ಅಂತ ಆಡಿಟ್‌ನವರ ಹತ್ರ ಹೇಳಿ ನೋಡಿ ಮೇಡಂ. ಅವರ ಹಾಳೆಯಲ್ಲಿ ಒಂದು ಡಬ್ಬಿ ಇರುತ್ತೆ, ಟಿಕ್ ಬೀಳಬೇಕು, ಅಷ್ಟೇ.

ನಂಜನಗೂಡು_ರಸಬಾಳೆ
ಬಾಯಲ್ಲಿ ಹೇಳಿದ್ರೆ ಕೇಳಲ್ಲ, ಬರೆದು ಕೊಡಿ. ಉದ್ದ ಕನಿಷ್ಠ 15 ಅಕ್ಷರ, ಸುಲಭಕ್ಕೆ ಊಹಿಸೋ ಪದಗಳಿಗೆ ತಡೆ, ಅಡ್ಮಿನ್‌ಗಳಿಗೆ ಎರಡನೇ ಹಂತದ ಒಟಿಪಿ, ಆದ್ದರಿಂದ ಅವಧಿ 365 ದಿನ ಅಂತ ಒಂದು ಪುಟ. ಟಿಕ್ ಹಾಕೋರಿಗೂ ಹಿಡ್ಕೊಳ್ಳೋಕೆ ಒಂದು ಕಾಗದ ಬೇಕು. ಉದ್ದಕ್ಕೆ ‘ಪಿಡಬ್ಲ್ಯೂಕ್ವಾಲಿಟಿ’ (ಪಾಸ್‌ವರ್ಡ್ ಗಟ್ಟಿ ಇದೆಯಾ ನೋಡೋದು) ಕಾನ್ಫಿಗ್‌ನಲ್ಲಿ ‘ಮಿನ್‌ಲೆನ್’ 15. ಅವಧಿಗೆ ‘ಚೇಜ್’ ಕಮಾಂಡ್‌ಗೆ ದೊಡ್ಡಕ್ಷರದ ಎಂ. ಪಿಡಬ್ಲ್ಯೂಕ್ವಾಲಿಟಿಯ ನಿಘಂಟು ಇಂಗ್ಲಿಷಿನದು, ಅದಕ್ಕೆ ಚಾಮುಂಡಿ, ಕಾವೇರಿ ಗೊತ್ತಿಲ್ಲ. ‘ಬ್ಯಾಡ್‌ವರ್ಡ್ಸ್’ನಲ್ಲಿ ಊರು, ದೇವರು, ಆಫೀಸಿನ ಹೆಸರು ನೀವೇ ಸೇರಿಸಿ.

ಮದ್ದೂರ್‌ವಡೆ
ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಟ್ರೆ? ಬಾಟ್‌ಗಳ ಅಪ್ಪನಿಗೂ ಗೊತ್ತಾಗಲ್ಲ.

ಅಕ್ಷರದೋಷ
ಬಾಟ್ ಬಿಡಿ, ನಿಮಗೇ ಗೊತ್ತಾಗಲ್ಲ. ‘ಗೊಬ್ಬರ’ ಅನ್ನೋದರ ‘ಗೊ’ ತಗೊಳ್ಳಿ. ಯೂನಿಕೋಡ್‌ನಲ್ಲಿ ಒತ್ವಕ್ಕೆ ಒಂದೇ ಕೋಡ್ ಇದೆ. ಅದನ್ನೇ ಎತ್ವ ಮತ್ತು ಊತ್ವ ಎರಡು ಕೋಡ್ ಸೇರಿಸಿಯೂ ಬರೀಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಆದರೆ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್ ಬದಲು ಉಳಿಸಿಡೋ ಗುರುತು) ಲೆಕ್ಕ ಹಾಕೋದು ಬೈಟ್ ಮೇಲೆ, ರೂಪದ ಮೇಲಲ್ಲ. ಒಂದು ಕಡೆ ಒಂದು ಥರ ಕೂಡಿಸೋ ಟೂಲ್, ಇನ್ನೊಂದು ಕಡೆ ಇನ್ನೊಂದು ಥರದ್ದು ಇದ್ರೆ, ಅದೇ ಪದ ಹೊಡೆದ್ರೂ ತಪ್ಪು ಅನ್ನುತ್ತೆ. ‘ಗೋ’ ಅಂದ್ರಂತೂ ಮೂರು ತುಂಡಾಗಬಹುದು. ಅರ್ಕಾವತ್ತು ಬರದಂತೆ ತಡೆಯೋಕೆ ಬಳಸೋ ಕಾಣದ ಜೋಡಿಸುವ ಅಕ್ಷರದ ಕಥೆ ಬೇರೆ.

ಇನ್ನೊಂದು ತಮಾಷೆ. ಕನ್ನಡದ ಒಂದೊಂದು ಕೋಡೂ ಯುಟಿಎಫ್-8ರಲ್ಲಿ 3 ಬೈಟ್. ಬಿಕ್ರಿಪ್ಟ್ ಅನ್ನೋ ಹ್ಯಾಶ್ ವಿಧಾನ ಬಳಸೋ ತಂತ್ರಾಂಶಗಳು 72 ಬೈಟ್ ಆದ ಮೇಲೆ ನೋಡಲ್ಲ, ಅಂದ್ರೆ 24 ಕೋಡ್‌ಗೆ ಮುಗೀತು. ಲಿನಕ್ಸ್ ಕಪ್ಪು ಪರದೆಯಲ್ಲಿ ಕನ್ನಡ ಟೈಪ್ ಮಾಡೋಕೂ ಆಗಲ್ಲ, ಸರ್ವರ್ ಕೆಟ್ಟಾಗ ನಿಮಗೆ ಸಿಗೋದು ಅದೇ ಪರದೆ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ. ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ: ಒನಕೆ, ಜಡೆ, ಸಂತೆ, ಹೀರೇಕಾಯಿ, ತಗಡು ಥರ. ಪದ ನೀವು ಯೋಚಿಸಿ ಆರಿಸಬಾರದು. ನಿಘಂಟಿನ ಪುಟ ತೆರೆದೋ ದಾಳ ಉರುಳಿಸಿಯೋ ಬರಬೇಕು. 7776 ಪದಗಳ ಪಟ್ಟಿಯಿಂದ ದಾಳ ಹಾಕಿ ಐದು ಆರಿಸಿದ್ರೆ ಸುಮಾರು 64 ಬಿಟ್ ಬಲ. ಮತ್ತೆ, ಮೇಲೆ ನಾನು ಬರೆದ ಐದನ್ನೇ ಇಟ್ಕೋಬೇಡಿ ದಯವಿಟ್ಟು.

ಮದ್ದೂರ್‌ವಡೆ
ಹೀರೇಕಾಯಿ ಆಗ್ಲೇ ಇಟ್ಬುಟ್ಟಿದ್ದೆ 😄

ಕಬ್ಬಿನಗದ್ದೆ (ಮಂಡ್ಯ)
ಅಡ್ಮಿನ್‌ಗೆ ಒಟಿಪಿ ಅಂದ್ರಲ್ಲ ಮೇಡಂ, ಇಂಟರ್ನೆಟ್ ಹೋದ್ರೆ ಒಟಿಪಿ ಬರಲ್ಲ ಅಲ್ವಾ?

ಹೂಟಗಳ್ಳಿ_ರೂಟ್
ಇದು ಮೊಬೈಲ್‌ಗೆ ಮೆಸೇಜ್ ಬರೋ ಒಟಿಪಿ ಅಲ್ಲ. ಫೋನಿನ ಆ್ಯಪ್ ಮತ್ತು ಸರ್ವರ್ ಇಬ್ಬರ ಹತ್ರಾನೂ ಒಂದೇ ಗುಟ್ಟಿನ ಸಂಖ್ಯೆ ಇರುತ್ತೆ. ಅದಕ್ಕೆ ಈಗಿನ ಸಮಯ ಸೇರಿಸಿ 30 ಸೆಕೆಂಡಿಗೊಂದು ಆರಂಕಿ ಕೋಡ್ ಇಬ್ಬರೂ ತಾವೇ ಲೆಕ್ಕ ಹಾಕ್ತಾರೆ. ನೆಟ್ ಬೇಡ, ಗಡಿಯಾರ ಸರಿಯಿರಬೇಕು ಅಷ್ಟೇ. ಗೂಗಲ್ ಅಥೆಂಟಿಕೇಟರ್‌ನ ಪ್ಯಾಮ್ ಮಾಡ್ಯೂಲ್ ಹಾಕಿ, ‘ಕೆಬಿಡಿ‌ಇಂಟರಾಕ್ಟಿವ್’ ಮತ್ತೆ ಯೆಸ್ ಮಾಡಿ, ‘ಅಥೆಂಟಿಕೇಶನ್‌ಮೆಥಡ್ಸ್’ನಲ್ಲಿ ಪಬ್ಲಿಕ್‌ಕೀ, ಅಲ್ಪವಿರಾಮ, ಕೀಬೋರ್ಡ್-ಇಂಟರಾಕ್ಟಿವ್ ಅಂತ ಸ್ಪೇಸ್ ಇಲ್ಲದೆ ಬರೀರಿ. ಸ್ಪೇಸ್ ಬಿಟ್ರೆ ‘ಎರಡೂ’ ಹೋಗಿ ‘ಎರಡರಲ್ಲಿ ಒಂದು’ ಆಗುತ್ತೆ! ಕೀ ಜೊತೆ ಕೋಡ್ ಮಾತ್ರ ಸಾಕು, ಪಾಸ್‌ವರ್ಡ್ ಬೇಡ ಅಂದ್ರೆ ಪ್ಯಾಮ್‌ನ ಎಸ್‌ಎಸ್‌ಎಚ್‌ಡಿ ಫೈಲಿನಲ್ಲಿ ಕಾಮನ್-ಆಥ್ ಇನ್‌ಕ್ಲೂಡ್ ಸಾಲಿನ ಮುಂದೆ # ಚಿಹ್ನೆ ಹಾಕಿ. ಸೆಟಪ್ ವೇಳೆ ಐದು ತುರ್ತು ಕೋಡ್ ಕೊಡುತ್ತೆ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮಾನಿಟರ್ ಕೆಳಗಲ್ಲ.

ವಿಸಿ_ನಾಲೆ
ಗಡಿಯಾರ ಅಂದಾಗ ನೆನಪಿಡಿ. ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟು, ಮದರ್‌ಬೋರ್ಡ್‌ನ ಸಿಆರ್2032 ಬಿಲ್ಲೆ ಸತ್ತಿದ್ರೆ ಸರ್ವರ್ ಯಾವುದೋ ಹಳೇ ತಾರೀಕಿನಲ್ಲಿ ಏಳುತ್ತೆ. ಆಗ ನೆಟ್ಟೂ ಇಲ್ಲ ಅಂದ್ರೆ ಸಮಯ ಸರಿಮಾಡ್ಕೊಳ್ಳೋಕೂ ಆಗಲ್ಲ, ಯಾವ ಕೋಡ್ ಹೊಡೆದರೂ ತಪ್ಪು. ಮಾಡ್ಯೂಲ್ ಹಿಂದೊಂದು ಮುಂದೊಂದು ಕೋಡ್ ಒಪ್ಪುತ್ತೆ, ಅರ್ಧ ನಿಮಿಷದ ವ್ಯತ್ಯಾಸ ನಡೆಯುತ್ತೆ, ವರ್ಷಗಟ್ಟಲೆ ಅಲ್ಲ. ಕ್ರೋನಿ (ನೆಟ್‌ನಿಂದ ಸಮಯ ಸರಿಮಾಡೋ ಪ್ರೋಗ್ರಾಮ್) ಹಾಕಿ, ಬಿಲ್ಲೆ ಬದಲಾಯಿಸಿ, ಸರ್ವರ್ ಎದುರಿಗೇ ಕೂತು ಮಾಡೋ ಲಾಗಿನ್‌ಗೆ ಒಟಿಪಿ ಹಾಕಬೇಡಿ.

ಟರ್ಮಿನಲ್_ತಾತ
ಎದುರಿಗೆ ಕೂರೋ ಮಾತು ಬಂತಲ್ಲ. ಪ್ಯಾಮ್ ಪೂರ್ತಿ ಕೆಟ್ಟಾಗ, ಸರ್ವರ್ ಶುರುವಾಗುವಾಗ ಬರೋ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿ ‘ಇನಿಟ್=/ಬಿನ್/ಬ್ಯಾಷ್’ ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿದ್ರೆ ಪಾಸ್‌ವರ್ಡ್ ಕೇಳದೆ ರೂಟ್ ಸಿಗುತ್ತೆ. ಡಿಸ್ಕನ್ನ ಬರೆಯೋ ಹಾಗೆ ರೀಮೌಂಟ್ ಮಾಡಿ ಹಳೇ ಫೈಲ್ ವಾಪಸ್ ಹಾಕಿ. ಅದು ನಿಮಗೆ ಹೇಗೆ ಸಿಗುತ್ತೋ ಆ ರೂಮಿಗೆ ಬಂದ ಯಾರಿಗಾದ್ರೂ ಹಾಗೇ ಸಿಗುತ್ತೆ. ಸರ್ವರ್ ಇರೋ ರೂಮಿಗೆ ಬೀಗ ಹಾಕಿ, ಗ್ರಬ್‌ಗೆ ಪಾಸ್‌ವರ್ಡ್ ಹಾಕಿ. ಝೆರಾಕ್ಸ್ ಪಕ್ಕ ಇಟ್ಕೊಂಡು ಪ್ಯಾಮ್ ಬಿಗಿಮಾಡಿ ಏನು ಬಂತು.

ನಂಜನಗೂಡು_ರಸಬಾಳೆ
ಕೆಲಸ ಬಿಟ್ಟು ಹೋದವರ ಲಾಗಿನ್ ಬಗ್ಗೆ ಯಾರೂ ಹೇಳ್ಲಿಲ್ಲ. ‘ಪಾಸ್‌ಡಬ್ಲ್ಯೂಡಿ -ಎಲ್’ ಹೊಡೆದು ಮುಗೀತು ಅನ್ಕೋಬೇಡಿ. ಅದು ಪಾಸ್‌ವರ್ಡಿಗೆ ಮಾತ್ರ ಬೀಗ. ಅವರ ಎಸ್‌ಎಸ್‌ಎಚ್ ಕೀ ಇದ್ರೆ ಹಾಗೇ ಒಳಗೆ ಬರ್ತಾರೆ. ‘ಯೂಸರ್‌ಮಾಡ್’ಗೆ ದೊಡ್ಡ ಎಲ್ ಜೊತೆ ‘-ಇ 1’ ಹಾಕಿ. 1970ರ ಜನವರಿ 2ಕ್ಕೇ ಅಕೌಂಟ್ ಅವಧಿ ಮುಗಿದಂತೆ ಆಗುತ್ತೆ, ಕೀಗೂ ಬಾಗಿಲು ಮುಚ್ಚುತ್ತೆ. ತೆರೆದಿರೋ ಸೆಷನ್ ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್’ನಿಂದ ಕಡಿದುಹಾಕಿ, ಅವರ ಕ್ರಾನ್‌ಟ್ಯಾಬ್ (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸಗಳ ಪಟ್ಟಿ) ನೋಡಿ.

ಲಾಗೂ ಇಟ್ಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನದ ಲಾಗ್ ಕೇಳುತ್ತೆ, ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಕೇಳುತ್ತೆ. ಉಬುಂಟು ಡಿಫಾಲ್ಟಾಗಿ ಆಥ್ ಲಾಗನ್ನ ವಾರಕ್ಕೊಮ್ಮೆ ತಿರುಗಿಸಿ ನಾಲ್ಕು ಮಾತ್ರ ಉಳಿಸುತ್ತೆ. ಲಾಗ್‌ರೊಟೇಟ್‌ನಲ್ಲಿ ಆ 4ನ್ನ 26 ಮಾಡಿ, 182 ದಿನ ಆಗುತ್ತೆ.

ವಿಸಿ_ನಾಲೆ
ಎಲ್ಲಾ ಸರಿ, ಆದ್ರೆ ಇವರು ಒಂದೇ ಲಾಗಿನ್ ಬಳಸ್ತಿರೋದು ಸೋಮಾರಿತನಕ್ಕಲ್ಲ. ಒಬ್ಬರು ಮಾಡಿದ ಫೈಲ್ ಇನ್ನೊಬ್ಬರು ತೆಗೀಬೇಕಲ್ಲ, ಅದಕ್ಕೆ. ಬೇರೆ ಬೇರೆ ಲಾಗಿನ್ ಕೊಟ್ಟ ಮಾರನೇ ದಿನವೇ ‘ಪರ್ಮಿಷನ್ ಡಿನೈಡ್’ ಅಂತ ಬರ್ತಾರೆ, ವಾರದೊಳಗೆ ಮತ್ತೆ ಚೀಟಿ ಅಂಟುತ್ತೆ. ‘ಲೆಕ್ಕ’ ಅಂತ ಗ್ರೂಪ್ ಮಾಡಿ, ಹಂಚಿಕೊಳ್ಳೋ ಫೋಲ್ಡರ್‌ನ ಗ್ರೂಪ್ ಅದಕ್ಕೆ ಕೊಟ್ಟು 2770 ಹಾಕಿ. ಮುಂದಿನ 2 ಇದ್ರೆ ಒಳಗೆ ಹುಟ್ಟೋ ಫೈಲೆಲ್ಲ ಅದೇ ಗ್ರೂಪಿಗೆ ಸೇರುತ್ತೆ. ಸಾಂಬಾದಲ್ಲಿ (ಸರ್ವರ್ ಫೋಲ್ಡರನ್ನ ವಿಂಡೋಸ್‌ಗೆ ಹಂಚೋ ಪ್ರೋಗ್ರಾಮ್) ‘ಕ್ರಿಯೇಟ್ ಮಾಸ್ಕ್’ 0660, ‘ಡೈರೆಕ್ಟರಿ ಮಾಸ್ಕ್’ 2770. ಸಾಂಬಾ ಪಾಸ್‌ವರ್ಡ್ ಬೇರೆಯೇ ಗಂಟು, ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ಯಲ್ಲಿ ಬೇರೆ ಕೂಡಿಸಬೇಕು, ಹೋದವರನ್ನ ಅಲ್ಲೂ ‘-ಡಿ’ ಹಾಕಿ ಬಂದ್ ಮಾಡಬೇಕು.

ಕಬ್ಬಿನಗದ್ದೆ (ಮಂಡ್ಯ)
ಎಲ್ಲಾ ಮಾಡ್ದೆ. ಹದಿನಾಲ್ಕು ಜನಕ್ಕೂ ಲಾಗಿನ್ ಆಯ್ತು, ತಪ್ಪು ಪಾಸ್‌ವರ್ಡೂ ಹೊಡ್ದು ನೋಡ್ದೆ, ಒಳಗೆ ಬಿಡ್ಲಿಲ್ಲ. ಹಳೇ ‘ಆಫೀಸ್’ ಲಾಗಿನ್ ಬಂದ್ ಮಾಡ್ದೆ, ಸಾಂಬಾದಲ್ಲೂ. ಮಾಡಿದ್ ತಕ್ಷಣ ಸ್ಕ್ಯಾನರ್ ನಿಂತೋಯ್ತು. ಸ್ಕ್ಯಾನ್ ಮಾಡಿದ್ದು ಫೋಲ್ಡರ್‌ಗೆ ಬತ್ತಾ ಇಲ್ಲ.

ವಿಸಿ_ನಾಲೆ
ಆ ಮಷಿನ್ ಒಳಗೂ ‘ಆಫೀಸ್’ ಪಾಸ್‌ವರ್ಡೇ ಕೂತಿರುತ್ತೆ. ಅದಕ್ಕೆ ‘ಸ್ಕ್ಯಾನರ್’ ಅಂತ ಬೇರೆ ಯೂಸರ್ ಮಾಡಿ, ಶೆಲ್ ‘ನೋಲಾಗಿನ್’, ಸಾಂಬಾ ಪಾಸ್‌ವರ್ಡ್ ಮಾತ್ರ. ‘ಲೆಕ್ಕ’ ಗ್ರೂಪಿಗೆ ಸೇರಿಸಬೇಡಿ, ಸ್ಕ್ಯಾನ್ ಫೋಲ್ಡರ್ ಒಂದಕ್ಕೆ ಬರೆಯೋ ಹಕ್ಕು ಸಾಕು. ಆಮೇಲೆ ಮಷಿನ್‌ನ ಅಡ್ರೆಸ್ ಬುಕ್‌ನಲ್ಲಿ ಹೆಸರು, ಪಾಸ್‌ವರ್ಡ್ ಬದಲಿಸಿ. ಹಾಗೇ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಯಾವ ಲಾಗಿನ್‌ನಲ್ಲಿ ಓಡ್ತಿತ್ತು ಅಂತ ಇವತ್ತೇ ನೋಡಿ. ಸ್ಕ್ಯಾನರ್ ನಿಂತರೆ ಜನ ಬಂದು ಹೇಳ್ತಾರೆ, ಬ್ಯಾಕಪ್ ನಿಂತರೆ ಯಾರೂ ಹೇಳಲ್ಲ.

ಕಬ್ಬಿನಗದ್ದೆ (ಮಂಡ್ಯ)
ನೋಡ್ದೆ ಅಣ್ಣ. ಬ್ಯಾಕಪ್ಪೂ ‘ಆಫೀಸ್’ ಕ್ರಾನ್‌ನಲ್ಲೇ ಇತ್ತು. ಬದಲಾಯ್ಸ್ತಾ ಇವ್ನಿ.